ಬೆಳೆ ಕಾವಲು: ಅಟ್ಟದಿಂದ ಝಟಕಾ ಬೇಲಿಯವರೆಗೆ

ನಮ್ಮ ಸಹಕಾರ ಸಂಘದ ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿರಿ ಎಂದು ಸಂಪಾದಕ ಮಂಡಳಿಯವರು ಮನೆಗೆ ಬಂದು ಕೇಳಿದಾಗ ಮೊದಲು ನನಗೆ ಏನೂ ತೋಚಲಿಲ್ಲ. ಸಂಘ ಹುಟ್ಟಿದ್ದು ಹೇಗೆ, ಷೇರು ಬಂಡವಾಳ ಎಷ್ಟು, ಗೋದಾಮು ಕಟ್ಟಿದವರು ಯಾರು ಎಂಬುದನ್ನು ಬರೆಯಲು ಹಿರಿಯರಿದ್ದಾರೆ. ನಾನು ಹೊಲದಲ್ಲಿ ಬೆಳೆದವನು. ಆದ್ದರಿಂದ ಸಂಘ ಕೊಟ್ಟ ಸಾಲಕ್ಕೂ ಸದಸ್ಯ ಕಟ್ಟುವ ಕಂತಿಗೂ ನಡುವೆ ನಿಂತಿರುವ ಒಂದು ಪ್ರಾಣಿಯ ವಿಷಯ ಬರೆಯುತ್ತೇನೆ. ಅದೇ ಕಾಡುಹಂದಿ.

ನಗಬೇಡಿರಿ. ಬೀಜ, ಗೊಬ್ಬರ ಎಲ್ಲ ಸಂಘದಿಂದ ಒಯ್ದು, ಮಳೆ ಸರಿಯಾಗಿ ಬಂದು, ಸೇಂಗಾ ಕಾಯಿ ಕಟ್ಟಿದ ಮೇಲೆ ಒಂದೇ ರಾತ್ರಿ ಹಂದಿಯ ಹಿಂಡು ಹೊಕ್ಕು ನೇಗಿಲು ಹೊಡೆದಂತೆ ಹೊಲ ಉಳುಮೆ ಮಾಡಿ ಹೋದರೆ ಆ ರೈತ ಕಂತು ಎಲ್ಲಿಂದ ಕಟ್ಟಬೇಕು? ಸಂಘದ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 'ಬಾಕಿ' ಎಂದಷ್ಟೇ ಬರೆಯುತ್ತಾರೆ. 'ಹಂದಿ ತಿಂದಿತು' ಎಂದು ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯುವುದಿಲ್ಲ. ಬರೆಯದೇ ಉಳಿದ ಆ ಲೆಕ್ಕವನ್ನು ಇಲ್ಲಿ ಸ್ವಲ್ಪ ಬರೆಯೋಣ.

ಮಳಖೇಡದ ಅರಸನ ಕಾಲದ ಹಂದಿ

ಹಂದಿಗೂ ಒಕ್ಕಲಿಗನಿಗೂ ಜಗಳ ಇವತ್ತಿನದಲ್ಲ. ನಮ್ಮ ಸೇಡಂ ತಾಲೂಕಿನ ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು ಎಂಬುದು ಶಾಲೆಗೆ ಹೋದ ಮಕ್ಕಳಿಗೆಲ್ಲ ಗೊತ್ತು. ಅಲ್ಲಿಂದ ಆಳಿದ ಮೂರನೆಯ ಕೃಷ್ಣನ ಕಾಲದ ಒಂದು ಶಾಸನ ಇದೆ. ಅದು ಸಿಕ್ಕಿದ್ದು ನಮ್ಮ ಕಡೆ ಅಲ್ಲ, ದೂರದ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ. ಕ್ರಿ.ಶ. 949-50ರ ಕಲ್ಲು. ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ.

ತಕ್ಕೋಲಂ ಎಂಬಲ್ಲಿ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ದೊಡ್ಡ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗ ಅದರಲ್ಲಿ ಗೆದ್ದ. ಬೂತುಗನ ಬಂಟ ಮಣಲೆರ ಚೆನ್ನಾಗಿ ಕಾದಾಡಿದ್ದಕ್ಕೆ 'ಏನು ಬೇಕು ಕೇಳು' ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಬೆಳತೂರಿನ ಹತ್ತಿರ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ ಮತ್ತು ಹಂದಿ ಕಾದಾಡಿ ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ-ಹಂದಿ ಕಾದಾಡುವ ಚಿತ್ರ ಇಂದಿಗೂ ಕಾಣುತ್ತದೆ.

ವಿಚಾರ ಮಾಡಿರಿ. ಚೋಳರ ಮೇಲಿನ ಗೆಲುವನ್ನು ಬರೆದ ಕಲ್ಲಿನ ಮೇಲೆಯೇ ಒಂದು ಹಂದಿಯ ಜೊತೆ ಸೆಣಸಿದ ನಾಯಿಯ ಕಥೆಯನ್ನೂ ಬರೆದರು. ಹಂದಿಯ ಎದುರು ನಿಲ್ಲುವುದು ಸಣ್ಣ ಮಾತಲ್ಲ ಎಂದು ಆಗಿನವರಿಗೂ ಗೊತ್ತಿತ್ತು. ಇದೇ ಹಂದಿಗೆ ಇನ್ನೊಂದು ಮುಖವೂ ಇತ್ತು. ಬಾದಾಮಿ ಚಾಲುಕ್ಯರೂ ಕಲ್ಯಾಣದ ಚಾಲುಕ್ಯರೂ ತಮ್ಮ ಲಾಂಛನವಾಗಿ ಇಟ್ಟುಕೊಂಡದ್ದು ವರಾಹವನ್ನೇ. ಭೂಮಿಯನ್ನು ಎತ್ತಿದ ದೇವರು ಎಂದು ಕೈಮುಗಿದದ್ದೂ, ಭೂಮಿಯನ್ನು ಅಗೆದು ಹಾಳು ಮಾಡುತ್ತದೆ ಎಂದು ಬೆನ್ನಟ್ಟಿದ್ದೂ ಒಂದೇ ಪ್ರಾಣಿಯನ್ನು.

ಅಜ್ಜನ ಕಾಲದ ಅಟ್ಟ

ನಮ್ಮ ಅಜ್ಜ ಒಂದು ಮಾತು ಹೇಳುತ್ತಿದ್ದ: "ಬಿತ್ತೋದು ಮನಿ ಕೆಲಸ, ಕಾಯೋದು ಊರ ಕೆಲಸ." ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ. ಅದನ್ನು ಮುಂದೆ ಹೇಳುತ್ತೇನೆ.

ಆಗ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಜಹಗೀರಿನ ಹಳ್ಳಿಗಳು ಬಹಳ. ಯಾರ ಆಡಳಿತವೇ ಇರಲಿ, ಬೆಳೆ ಕಾವಲಿಗೆ ಊರಿನದೇ ಒಂದು ಪದ್ಧತಿ ಇತ್ತು. ತಳವಾರ, ವಾಲಿಕಾರರು ಸೀಮೆ ಸುತ್ತುತ್ತಿದ್ದರು. ರಾಶಿಯ ಕಾಲಕ್ಕೆ ಕಣದಲ್ಲೇ ಅವರ ಆಯದ ಕಾಳು ಅಳೆದು ಕೊಡುತ್ತಿದ್ದರು. ಜೋಳ ಹಾಲುಗಾಳಿಗೆ ಬಂದಾಗ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟ ಕಟ್ಟುತ್ತಿದ್ದರು. ಹಗಲು ಹಕ್ಕಿಗೆ ಕವಣೆ, ರಾತ್ರಿ ಹಂದಿಗೆ ಹಲಗೆ ಮತ್ತು ತಗಡಿನ ಡಬ್ಬಿ. ಒಂದು ಅಟ್ಟದಿಂದ 'ಹೋ' ಎಂದರೆ ಇನ್ನೊಂದು ಅಟ್ಟದಿಂದ 'ಹೋ' ಎಂದು ಉತ್ತರ ಬರಬೇಕು. ಬರದಿದ್ದರೆ ಅವನು ಮಲಗಿಬಿಟ್ಟಿದ್ದಾನೆ ಎಂದೇ ಅರ್ಥ. ಮರುದಿನ ಕಟ್ಟೆಯ ಮೇಲೆ ಅವನಿಗೆ ಪಾಠ.

ರಜಾಕಾರರ ಹಾವಳಿಯ ವರ್ಷ ಮಾತ್ರ ಹೊಲದಲ್ಲಿ ಬೆಂಕಿ ಹಾಕಲೂ ಹೆದರಿಕೆ ಇತ್ತು, ಆ ಸಲ ಜೋಳ ಅರ್ಧ ಹಂದಿಗೇ ಹೋಯಿತು ಎಂದು ಅಜ್ಜ ಹೇಳುತ್ತಿದ್ದ. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತಕ್ಕೆ ಶರಣಾದ ಮೇಲೆ ಅಟ್ಟಗಳು ಮತ್ತೆ ಎದ್ದವು.

ಬೇಲಿಯಲ್ಲೂ ಬುದ್ಧಿ ಇತ್ತು. ಜೋಳದ ಹೊಲದ ಅಂಚಿಗೆ ನಾಲ್ಕು ಸಾಲು ಕುಸುಬಿ ಹಾಕುತ್ತಿದ್ದರು. ಬೆಳೆದ ಕುಸುಬಿಯ ಮುಳ್ಳು ದನಕ್ಕೂ ಬೇಡ, ಹಂದಿಗೂ ಬೇಡ. ಕೊನೆಗೆ ಮನೆಗೆ ಎಣ್ಣೆಯೂ ಆಯಿತು. ಈಗ ಕೃಷಿ ವಿಜ್ಞಾನಿಗಳು ಸೇಂಗಾದ ಸುತ್ತ ಕುಸುಬಿ ಸಾಲು ಹಾಕಿರಿ ಎಂದು ಹೇಳಿದಾಗ ನನಗೆ ನಗು ಬರುತ್ತದೆ. ನಮ್ಮ ಹಿರಿಯರು ಮಾಡುತ್ತಿದ್ದದ್ದನ್ನೇ ನಾವು ಬಿಟ್ಟು, ಮತ್ತೆ ಕೇಳಿ ತಿಳಿದುಕೊಳ್ಳುತ್ತಿದ್ದೇವೆ. ಶಹಾಬಾದ ಕಡೆಯವರು ಪರ್ಸಿ ಕಲ್ಲನ್ನೇ ನಿಲ್ಲಿಸಿ ಬೇಲಿ ಮಾಡುತ್ತಿದ್ದರು. ಕಲ್ಲಿನ ಬುಡ ನೆಲದಲ್ಲಿ ಹೂತಿರುವುದರಿಂದ ಹಂದಿಗೆ ಕೆಳಗೆ ತೋಡಿ ನುಗ್ಗುವುದು ಸುಲಭವಲ್ಲ.

ಹಾಗೆಂದು ಪ್ರಾಣಿಗಳ ಮೇಲೆ ದ್ವೇಷ ಇರಲಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದು, ಬಜ್ಜಿ ರೊಟ್ಟಿ ಕಡುಬು ಎಡೆ ಮಾಡಿ, ಸುತ್ತ ಚರಗ ಚೆಲ್ಲುವುದನ್ನು ನಾವು ಇಂದಿಗೂ ಬಿಟ್ಟಿಲ್ಲ. ಭೂಮಿತಾಯಿಗೆ ಕೊಟ್ಟ ಆ ಚರಗದಲ್ಲಿ ಹುಳ-ಹುಪ್ಪಟೆ, ಹಕ್ಕಿ, ನರಿಯ ಪಾಲೂ ಉಂಟು. ಪಾಲು ಕೊಡುವುದು ಬೇರೆ, ಪೂರ್ತಿ ಹೊಲವನ್ನೇ ಬಿಟ್ಟುಕೊಡುವುದು ಬೇರೆ.

ಕೋವಿಯಿಂದ ಕಾಯ್ದೆಯವರೆಗೆ

ಅಟ್ಟದ ಜೊತೆಗೆ ಕೆಲವರ ಮನೆಯಲ್ಲಿ ಮದ್ದು ತುಂಬುವ ಕೋವಿಯೂ ಇತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿಯೂ ನಿಜವಾದ ಬೆಳೆ ರಕ್ಷಣೆಗೆ ಇಂಥ ಕೋವಿಯ ಲೈಸೆನ್ಸ್ ಕೊಡಬಹುದೆಂದು ಇದೆ. ಆದರೆ ಕೋವಿ ಇದ್ದವನು ತನ್ನ ಹೊಲವನ್ನು ಕಾಯ್ದುಕೊಂಡ. ಹೊಡೆತಕ್ಕೆ ಬೆದರಿದ ಹಿಂಡು ಕೋವಿ ಇಲ್ಲದವನ ಹೊಲಕ್ಕೆ ಹೋಯಿತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ದೇಶದ ಕಾಡುಗಳು ಖಾಲಿಯಾಗುತ್ತಿದ್ದ ಕಾಲ. ಕಾಯ್ದೆ ಬೇಕಾಗಿಯೇ ಇತ್ತು. ನಾವು ಚಿಗರಿ ಎನ್ನುವ ಕೃಷ್ಣಮೃಗ ಮೊದಲ ಅನುಸೂಚಿಯಲ್ಲಿ, ಕಾಡುಹಂದಿ ಮೂರನೆಯ ಅನುಸೂಚಿಯಲ್ಲಿ ಸೇರಿದವು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಹಂದಿ ಎರಡನೆಯ ಅನುಸೂಚಿಯಲ್ಲಿದೆ. ನಮ್ಮಲ್ಲಿ ಬಹಳ ಜನ 'ಹಂದಿಗೆ ಯಾವ ಕಾಯ್ದೆ?' ಎನ್ನುತ್ತಾರೆ. ಅದು ತಪ್ಪು. ಆದರೆ 'ಏನೂ ಮಾಡುವಂತಿಲ್ಲ' ಎನ್ನುವುದೂ ತಪ್ಪು. ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯವಾದ ಹಂದಿಯನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು ಎಂದು ಅದೇ ಕಾಯ್ದೆಯ 11ನೆಯ ಕಲಮು ಹೇಳುತ್ತದೆ. ಕೇರಳದಲ್ಲಿ 2022ರಿಂದ ಈ ಅಧಿಕಾರವನ್ನು ಸ್ಥಳೀಯ ಪಂಚಾಯಿತಿಗಳ ಅಧ್ಯಕ್ಷರವರೆಗೆ ತಂದಿದ್ದಾರೆ. ಅನುಮತಿ ಇಲ್ಲದೆ ಕೊಂದರೆ ಮಾತ್ರ ಜೈಲು, ದಂಡ ಎರಡೂ ಉಂಟು.

ಹಂದಿ ಹೆಚ್ಚಿದ್ದೇಕೆ?

ಹಂದಿ ಆಕಾಶದಿಂದ ಬಿದ್ದಿಲ್ಲ. ನಮ್ಮ ಸೀಮೆಯೇ ಬದಲಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಚಿತ್ತಾಪುರ, ಸೇಡಂ ಆ ದಾರಿಯ ಮೇಲೆಯೇ ಇವೆ. ನೆಲದಡಿಯ ಸುಣ್ಣದ ಕಲ್ಲಿಗೆ ಬೆಲೆ ಬಂತು. ಶಹಾಬಾದದಲ್ಲಿ ನಿಜಾಮರ ಕಾಲಕ್ಕೇ ಸಿಮೆಂಟ್ ಕಾರ್ಖಾನೆ, 1968ರಲ್ಲಿ ವಾಡಿಯಲ್ಲಿ, 1980ರ ದಶಕದಲ್ಲಿ ಸೇಡಂ ಕಡೆಯಲ್ಲಿ. ಕೆಲಸ ಸಿಕ್ಕಿತು, ಊರು ಬೆಳೆದವು, ಅದನ್ನು ಮರೆಯಬಾರದು. ಆದರೆ ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ನೀರು ನಿಂತಿತು, ದಂಡೆಯ ಮೇಲೆ ಬಳ್ಳಾರಿ ಜಾಲಿ ಎದ್ದಿತು. ಕಾಗಿಣಾ, ಮುಲ್ಲಾಮಾರಿ ದಂಡೆಗೂ, ಹಳ್ಳದ ಬದುವಿಗೂ, ಬೀಳು ಬಿದ್ದ ಹೊಲಕ್ಕೂ ಅದೇ ಜಾಲಿ ಹಬ್ಬಿತು. ಹಗಲು ಮಲಗಲು ನೆರಳು, ಹೊರಳಾಡಲು ಕೆಸರು, ಪಕ್ಕದಲ್ಲೇ ಬೆಳೆ: ಹಂದಿಗೆ ಇನ್ನೇನು ಬೇಕು? ನೀರಾವರಿ ಬಂದ ಕಡೆ ಕಬ್ಬು ಬಂತು. ಎದೆಯೆತ್ತರದ ಕಬ್ಬಿನೊಳಗೆ ಹೊಕ್ಕ ಹಂದಿ ತಿಂಗಳುಗಟ್ಟಲೆ ಹೊರಗೆ ಬರುವುದಿಲ್ಲ.

ಚಿಂಚೋಳಿಯ ಕುಂಚಾವರಂ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದರು. ಸುಮಾರು 135 ಚದರ ಕಿಲೋಮೀಟರ್. ಚಂದ್ರಂಪಳ್ಳಿ ಜಲಾಶಯವೂ ಆ ಕಾಡಿನ ಮಗ್ಗುಲಲ್ಲೇ ಇದೆ. ಬಯಲು ಸೀಮೆಯಲ್ಲಿ ಅಂಥ ಕಾಡು ಉಳಿದದ್ದೇ ನಮ್ಮ ಪುಣ್ಯ. ಅಲ್ಲಿ ತೋಳ, ಕಿರುಬ, ಕೃಷ್ಣಮೃಗ, ಕೊಂಡುಕುರಿ ಇವೆ. ಕಾಡಂಚಿನ ತಾಂಡಾದವರಿಗೆ ಹಂದಿಯ ಕಾಟ ಇದ್ದೇ ಇದೆ. ಆದರೆ ಎಲ್ಲ ದೂರನ್ನೂ ಕಾಡಿನ ಮೇಲೆ ಹೊರಿಸಬೇಡಿರಿ. ಕಾಡೇ ಇಲ್ಲದ ವಾಡಿ, ಶಹಾಬಾದ ಸುತ್ತ ಹಂದಿ ಇರುವುದು ಜಾಲಿಯ ಪೊದೆಯಿಂದ.

ಅದರ ಸಂತಾನವೂ ದೊಡ್ಡದು. ಸುಮಾರು ನಾಲ್ಕು ತಿಂಗಳ ಗರ್ಭ, ಒಂದು ಸೂಲಿಗೆ ನಾಲ್ಕರಿಂದ ಆರು ಮರಿ, ಕೆಲವೊಮ್ಮೆ ಹೆಚ್ಚು. ಕಣ್ಣು ಮಂದ, ಆದರೆ ಮೂಗು ಬಹಳ ಚುರುಕು. ಬೆದರುಬೊಂಬೆಗೆ ಎರಡು ದಿನ ಹೆದರುತ್ತದೆ, ಮೂರನೆಯ ದಿನ ಅದರ ಕಾಲ ಬುಡದಲ್ಲೇ ಸೇಂಗಾ ಕಿತ್ತು ತಿನ್ನುತ್ತದೆ.

ಇತ್ತ ಅಟ್ಟದಲ್ಲಿ ಮಲಗುವವರು ಕಡಿಮೆಯಾದರು. ಹುಡುಗರು ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋದರು. ಊರ ಕಾವಲು ಹೋಗಿ ಅವರವರ ಕಾವಲು ಬಂತು. ಅಲ್ಲಿಂದಲೇ ಕೆಡುಕು ಶುರುವಾಯಿತು.

ಹೇಳಬಾರದ ಮಾತು

ಈಗ ಹೇಳಬಾರದ ಮಾತೊಂದನ್ನು ಹೇಳುತ್ತೇನೆ. ಬೆಳ್ಳಿ ಹಬ್ಬದ ಪುಸ್ತಕದಲ್ಲಿ ಇದು ಶೋಭಿಸುತ್ತದೋ ಇಲ್ಲವೋ ಗೊತ್ತಿಲ್ಲ.

ಕೆಲ ವರ್ಷಗಳ ಹಿಂದೆ ಎರಡು ಸಲ ಹಂದಿ ನನ್ನ ಸೇಂಗಾ ತಿಂದಿತು. ಮೂರನೆಯ ಸಲ ನಾನೂ ಎಲ್ಲರೂ ಮಾಡುವುದನ್ನೇ ಮಾಡಿದೆ. ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ತಂತಿ ಎಳೆದು, ಗೂಟಕ್ಕೆ ಸುತ್ತಿ, ರಾತ್ರಿ ಕರೆಂಟ್ ಬಿಟ್ಟೆ. ಬೆಳಿಗ್ಗೆ ತೆಗೆಯುವುದು ನನ್ನ ಕೆಲಸ. ಒಂದು ದಿನ ನಸುಕಿನಲ್ಲಿ ನಾನು ಏಳುವ ಮೊದಲೇ ನನ್ನ ಮಗ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದ. ಮುಂದಿನ ಎತ್ತಿನ ಕಾಲು ತಂತಿಗೆ ತಗುಲಿತು. ಕೂಗಲೂ ಇಲ್ಲ, ಹಾಗೇ ಕುಸಿದು ಬಿದ್ದಿತು. ಅದರ ಹಿಂದೆ ಎರಡೇ ಮಾರು ದೂರದಲ್ಲಿ ನಡೆದು ಬರುತ್ತಿದ್ದವನು ನನ್ನ ಮಗ.

ಎತ್ತು ಹೋಯಿತು, ಮಗ ಉಳಿದ. ಆ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮನೆಯಾಕೆ ನನಗೆ ಒಂದೇ ಮಾತು ಕೇಳಿದಳು: "ಸೇಂಗಾದ್ದು ಎಷ್ಟು ಲೆಕ್ಕ ಹಾಕಿದ್ರಿ?" ಅದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ಮನೆಯ ಲೈನಿನಲ್ಲಿ ಹರಿಯುವುದು 230 ವೋಲ್ಟ್. ಅದು ಎಡೆಬಿಡದೆ ಹರಿಯುತ್ತದೆ. ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಮಳೆಗಾಲದ ಹಸಿ ನೆಲದಲ್ಲಿ ಬರಿಗಾಲಿನವನಿಗೆ ಅದು ಸಾವೇ. ಹಂದಿ ಯಾವುದು, ನೆರೆಹೊಲದ ಮನುಷ್ಯ ಯಾವನು ಎಂದು ತಂತಿಗೆ ಗೊತ್ತಾಗುವುದಿಲ್ಲ. ಇನ್ನು ಸಿಡಿಮದ್ದಿನ ಉಂಡೆ ಇಡುವವರ ಮಾತು ಹೇಳಲೇಬಾರದು. ಅದನ್ನು ಹಂದಿ ಕಚ್ಚುವ ಮೊದಲು ಮೇಯಲು ಬಂದ ಆಕಳು ಕಚ್ಚುತ್ತದೆ. ಕರೆಂಟ್ ಕಳವು, ಸಿಡಿಮದ್ದು, ವನ್ಯಜೀವಿ: ಮೂರು ಕಾಯ್ದೆಗಳಲ್ಲೂ ಇದು ಅಪರಾಧ. ಮನುಷ್ಯ ಸತ್ತರೆ ಕೊಲೆಯ ಕೇಸಿನ ಸಮೀಪಕ್ಕೆ ಹೋಗುತ್ತದೆ.

ಝಟಕಾ ಬೇಲಿಯ ಲೆಕ್ಕ

ಹಾಗಾದರೆ ಏನು ಮಾಡಬೇಕು? ನಮ್ಮ ಕಡೆ ಝಟಕಾ ಮಷೀನ್ ಎನ್ನುವ ಸೋಲಾರ್ ಬೇಲಿ ಇದೆ. ಬಿಸಿಲಿನ ಹಲಗೆಯಿಂದ 12 ವೋಲ್ಟಿನ ಬ್ಯಾಟರಿ ತುಂಬುತ್ತದೆ. ಪೆಟ್ಟಿಗೆಯಿಂದ ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ತಂತಿಗೆ ಪೆಟ್ಟು ಹೋಗುತ್ತದೆ. ವೋಲ್ಟ್ ಸಾವಿರಗಟ್ಟಲೆ ಇದ್ದರೂ ಹೊತ್ತು ಅತಿ ಸಣ್ಣದಾದ್ದರಿಂದ ಜೀವ ಹೋಗುವುದಿಲ್ಲ. ಮೂಗಿಗೆ ತಾಗಿದ ಹಂದಿ ಹಿಂದೆ ಸರಿಯುತ್ತದೆ. ನೆನಪಿಡಿರಿ: ಕಂಪನಿಯ ಪೆಟ್ಟಿಗೆ ಇಲ್ಲದೆ ಬರೀ ತಂತಿಗೆ ಲೈನ್ ಕೊಟ್ಟರೆ ಅದು ಝಟಕಾ ಅಲ್ಲ, ಯಮಪಾಶ.

ಹಂದಿಗೆ ಕೆಳಗಿನ ತಂತಿಯೇ ಮುಖ್ಯ. ಅದು ನೆಲದಿಂದ ಒಂದು ಅಡಿಯೊಳಗೆ ಇರಬೇಕು. ತಂತಿಗೆ ಹುಲ್ಲು ತಾಗಿದರೆ ಪೆಟ್ಟು ನೆಲಕ್ಕೆ ಇಳಿದುಹೋಗುತ್ತದೆ. ವಾರಕ್ಕೊಮ್ಮೆ ಹುಲ್ಲು ಕೊಯ್ಯಬೇಕು. ಅರ್ಥಿಂಗ್ ಸಲಾಕೆಯ ಬುಡ ಒಣಗಬಾರದು.

ಇನ್ನು ಖರ್ಚು. ಇಲ್ಲಿ ಒಂದು ಲೆಕ್ಕ ನೋಡಿರಿ. ಚೌಕವಾದ 4 ಎಕರೆ ಹೊಲದ ಸುತ್ತಳತೆ ಸುಮಾರು 509 ಮೀಟರ್. ಅಂಥ ಹತ್ತು ಜನ ಬೇರೆ ಬೇರೆ ಬೇಲಿ ಹಾಕಿದರೆ 5 ಕಿಲೋಮೀಟರಿಗೂ ಹೆಚ್ಚು ಬೇಲಿ ಬೇಕು, ಹತ್ತು ಮಷೀನ್ ಬೇಕು. ಅದೇ ಹತ್ತು ಜನ ಕೂಡಿ 40 ಎಕರೆಗೆ ಒಂದೇ ಬೇಲಿ ಹಾಕಿದರೆ, ಹೊಲಗಳೆಲ್ಲ ಕೂಡಿ ಚೌಕವಾಗಿದ್ದರೆ, ಬೇಕಾಗುವುದು ಸರಿಯಾಗಿ ಒಂದು ಮೈಲಿ, ಅಂದರೆ 1609 ಮೀಟರ್. ತಲೆಗೆ 161 ಮೀಟರ್. ಖರ್ಚು ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಹುಲ್ಲು ಕೊಯ್ಯುವ ಪಾಳಿಯೂ ಹತ್ತು ವಾರಕ್ಕೊಮ್ಮೆ. ಹೊಲಗಳು ಅಂಕುಡೊಂಕಾಗಿದ್ದರೂ ಉಳಿತಾಯ ಇದ್ದೇ ಇರುತ್ತದೆ. ಅಜ್ಜ ಹೇಳಿದ್ದ ಮಾತು ನನಗೆ ಅರ್ಥವಾದದ್ದು ಈ ಲೆಕ್ಕ ಹಾಕಿದ ದಿನ.

ಬೇಲಿಯ ಜೊತೆಗೆ ಹಳೆಯದನ್ನೂ ಬಿಡಬೇಡಿರಿ. ಅಂಚಿಗೆ ಕುಸುಬಿ ಹಾಕಿರಿ. ಬದುವಿನ ಜಾಲಿ ಕಡಿದು ಬೇರು ಕೀಳಿರಿ. ಒಂದೇ ಮಡಿಯವರು ಕೂಡಿ ಒಂದೇ ಹೊತ್ತಿಗೆ ಬಿತ್ತಿರಿ. ಒಬ್ಬನ ಹೊಲ ಮಾತ್ರ ಹಾಲುಗಾಳಿಗೆ ಬಂದರೆ ಇಡೀ ಹಿಂಡು ಅವನ ಮೇಲೆಯೇ ಬೀಳುತ್ತದೆ. ಚಿಗರಿ ಎಳೆ ಪೈರು ಮೇಯಲು ಬಂದರೆ ಓಡಿಸಿರಿ. ಅದಕ್ಕೆ ಕೈ ಹಚ್ಚಬೇಡಿರಿ.

ಹಾನಿಯಾದರೆ ಸುಮ್ಮನೆ ಕೂಡಬಾರದು. ಫೋಟೋ ತೆಗೆದು, ಪಹಣಿ ಜೊತೆಗಿಟ್ಟು ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು. ಬೆಳೆ ಹಾನಿಗೆ ಪರಿಹಾರ ಧನದ ವ್ಯವಸ್ಥೆ ಇದೆ. ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಯ ಹಾನಿಯನ್ನೂ 2026ರ ಮುಂಗಾರಿನಿಂದ ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಘೋಷಿಸಿದೆ. ಯಾವ ಪ್ರಾಣಿ, ಯಾವ ಜಿಲ್ಲೆ ಎಂಬುದನ್ನು ರಾಜ್ಯ ಗುರುತಿಸಬೇಕು. ರೈತ 72 ಗಂಟೆಯೊಳಗೆ ಫೋಟೋ ಸಹಿತ ತಿಳಿಸಬೇಕು. ಮೊಬೈಲ್ ಬಳಸಲು ಬಾರದ ಸದಸ್ಯನಿಗೆ ಸಂಘದ ಕಚೇರಿಯಲ್ಲಿ ಯಾರಾದರೂ ಇದನ್ನು ಮಾಡಿಕೊಟ್ಟರೆ ಅದಕ್ಕಿಂತ ದೊಡ್ಡ ಸೇವೆ ಇಲ್ಲ.

ಸಂಘದ ಕೆಲಸ

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ, ಒಬ್ಬನ ಕೈಯಲ್ಲಿ ಆಗದ್ದು ಹತ್ತು ಜನರ ಕೈಯಲ್ಲಿ ಆಗುತ್ತದೆ ಎಂಬ ನಂಬಿಕೆಯೇ ಬಂಡವಾಳವಾಗಿತ್ತು. ನಮ್ಮ ಸಂಘ ಇಪ್ಪತ್ತೈದು ವರ್ಷ ಬೀಜಕ್ಕೆ ಸಾಲ ಕೊಟ್ಟಿತು, ಗೊಬ್ಬರಕ್ಕೆ ಸಾಲ ಕೊಟ್ಟಿತು. ಇನ್ನು ಮುಂದೆ ಕೂಡು ಬೇಲಿಗೂ ಸಾಲ ಕೊಡಲಿ. ಹತ್ತು ಜನ ಕೂಡಿ ಸಹಿ ಮಾಡಿದರೆ ಮಾತ್ರ ಕೊಡಲಿ. ಇದು ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ.

ಸದಸ್ಯ ಬಾಂಧವರಲ್ಲಿ ವಿನಂತಿ ಇನ್ನೂ ಸಣ್ಣದು. ಈ ಪುಸ್ತಕ ಓದಿ ಮುಚ್ಚಿಟ್ಟ ಮೇಲೆ ನಿಮ್ಮ ಹೊಲಕ್ಕೆ ಹೋಗಿರಿ. ಲೈನಿನಿಂದ ಎಳೆದ ತಂತಿ ಇದ್ದರೆ ಇವತ್ತೇ ಬಿಚ್ಚಿರಿ. ನಾಳೆ ನಸುಕಿನಲ್ಲಿ ಆ ದಾರಿಯಲ್ಲಿ ಯಾರ ಮಗ ಎತ್ತು ಹೊಡೆದುಕೊಂಡು ಬರುತ್ತಾನೋ ಯಾರಿಗೆ ಗೊತ್ತು.